ಬಾಗಿಲಿನ ಲೆಕ್ಕ, ಒಲೆಯ ಲೆಕ್ಕ

2007ರಲ್ಲಿ ಬೃಹತ್ ಬೆಂಗಳೂರಿಗೆ ಸೇರಿದ ಯಲಹಂಕ, ಕೆಂಗೇರಿಯಂಥ ಉಪನಗರಗಳಿಗೆ ಮುಂದೆ ಎಷ್ಟು ಮನೆಗಳು ಬೇಕು? ಹೊಸ ಬಡಾವಣೆಯ ನಕ್ಷೆ ಬರೆಯುವ ಮುನ್ನ ಇರುವ ಮನೆಗಳ ಲೆಕ್ಕವಾಗಬೇಕು. ಆದರೆ ಈ ಲೆಕ್ಕ ಕಾಣುವಷ್ಟು ಸುಲಭವಲ್ಲ.

ಜನಗಣತಿಯ ದೃಷ್ಟಿಯಲ್ಲಿ ಪ್ರತ್ಯೇಕ ಮುಂಬಾಗಿಲಿದ್ದರೆ ಅದೊಂದು ಮನೆ. ಅಂಗಡಿಯಾಗಿದ್ದರೂ ಸರಿ, ಬೀಗ ಬಿದ್ದಿದ್ದರೂ ಸರಿ. ಒಂದೇ ಅಡುಗೆ ಉಣ್ಣುವವರೆಲ್ಲ ಒಂದು ಕುಟುಂಬ. ಬಾಗಿಲನ್ನೂ ಒಲೆಯನ್ನೂ ಬೇರೆ ಬೇರೆಯಾಗಿ ಎಣಿಸಿದಾಗಲೇ ನಿಜಸ್ಥಿತಿ ತಿಳಿಯುವುದು.

ದೇಶದ ಅಂಕಿಅಂಶಗಳೇ ಇದಕ್ಕೆ ನಿದರ್ಶನ. 2011ರ ಗಣತಿಯಲ್ಲಿ ನಗರ ಪ್ರದೇಶಗಳ ಸುಮಾರು 1.11 ಕೋಟಿ ಮನೆಗಳು ಖಾಲಿ ಇದ್ದವು. ಮರುವರ್ಷ ಕೇಂದ್ರದ ತಜ್ಞರ ತಂಡ ನಗರಗಳಲ್ಲಿ ಸುಮಾರು 1.88 ಕೋಟಿ ಮನೆಗಳ ಕೊರತೆಯನ್ನು ಅಂದಾಜಿಸಿತು. ಇದರಲ್ಲಿ ಸೂರೇ ಇಲ್ಲದವರ ಪಾಲು 5.3 ಲಕ್ಷ ಮಾತ್ರ, ಸುಮಾರು 1.5 ಕೋಟಿ ಕುಟುಂಬಗಳದು ಇಕ್ಕಟ್ಟಿನ ಬಾಳು. ಮದುವೆಯಾದ ಮಗ-ಸೊಸೆಗೆ ಪ್ರತ್ಯೇಕ ಕೋಣೆ ಇಲ್ಲದ ಮನೆಯೂ ಈ ಪಟ್ಟಿಗೆ ಸೇರುತ್ತದೆ.

ಆದ್ದರಿಂದ ಉಪನಗರದಲ್ಲಿ ಖಾಲಿ ಎಷ್ಟು, ಶಿಥಿಲ ಎಷ್ಟು, ಸಾಮಾನ್ಯರ ಕೈಗೆಟುಕುವ ಬಾಡಿಗೆಯವು ಎಷ್ಟು ಎಂದು ವಿಂಗಡಿಸಲೇಬೇಕು. ಇಲ್ಲವಾದರೆ ಹೊಸ ಯೋಜನೆ ಬೀಗ ಬಿದ್ದ ಮನೆಗಳನ್ನಷ್ಟೇ ಹೆಚ್ಚಿಸೀತು. ಒಂದೇ ಕೋಣೆಯಲ್ಲಿ ಮಲಗುವವರ ಪಾಡು ಹಾಗೆಯೇ ಉಳಿದೀತು.