ಮೂರನೇ ಸುತ್ತಿನ ಮಾತು

ದಸರಾ ರಜೆಗೆ ಬಸವಾಪಟ್ಟಣಕ್ಕೆ ಹೋದಾಗ ದೊಡ್ಡಪ್ಪನ ಮಗ ಅಣ್ಣ ನನಗೊಂದು ಕೆಲಸ ಹಚ್ಚಿದ. ಬೆಳಿಗ್ಗೆ ಐದೂವರೆಗೆ ಎದ್ದು ಅವನ ಜೊತೆ ಮೈದಾನಕ್ಕೆ ಹೋಗಿ ಮೊಬೈಲಲ್ಲಿ ಸ್ಟಾಪ್‌ವಾಚ್ ಹಿಡಿಯೋದು. ಅವನು ಪೊಲೀಸ್ ಕಾನ್‌ಸ್ಟೇಬಲ್ ದೈಹಿಕ ಪರೀಕ್ಷೆಗೆ ತಯಾರಿ ನಡೆಸ್ತಿದ್ದ. ಗಂಡಸರು 1600 ಮೀಟರನ್ನು 6 ನಿಮಿಷ 30 ಸೆಕೆಂಡ್ ಒಳಗೆ ಓಡಬೇಕು. ಅಂದ್ರೆ 390 ಸೆಕೆಂಡ್, ನಾಲ್ಕು ಸುತ್ತು, ಸುತ್ತಿಗೆ 97.5 ಸೆಕೆಂಡ್. ಹಿಂದಿನ ಸಲ ಬರೆಯೋ ಪರೀಕ್ಷೆ ಪಾಸಾಗಿತ್ತು, ಓಟದಲ್ಲಿ ಹೋಯ್ತು. ವಯೋಮಿತಿ ಹತ್ತಿರ ಬರ್ತಿದೆ. ಮನೇಲಿ ಯಾರೂ ಏನೂ ಅನ್ನಲ್ಲ, ಅದೇ ಅವನಿಗೆ ಜಾಸ್ತಿ ಕಷ್ಟ.

ಮೊದಲ ದಿನದ ಲೆಕ್ಕ ಹೀಗಿತ್ತು: 92, 98, 113, 106. ಒಟ್ಟು 409 ಸೆಕೆಂಡ್. ಹತ್ತೊಂಬತ್ತು ಸೆಕೆಂಡ್ ಜಾಸ್ತಿ.

ಡೇಟಾ ಕಂಡ ಕೂಡಲೇ ನೋಡುತ್ತಾ ಕೂರೋದು ನಮ್ಮ ಕಾಯಿಲೆ ತಾನೆ? ನನಗೆ ವಿಚಿತ್ರ ಅನ್ಸಿದ್ದು ಒಂದೇ. ಕಾಲಿನ ಶಕ್ತಿ ಖಾಲಿ ಆಗಿ ನಿಧಾನ ಆಗಿದ್ರೆ ನಾಲ್ಕನೇ ಸುತ್ತು ಮೂರನೇದಕ್ಕಿಂತ ಕೆಟ್ಟದಾಗಿರಬೇಕಿತ್ತು. ಆದರೆ ಅದು ಏಳು ಸೆಕೆಂಡ್ ಬೇಗ ಮುಗಿದಿದೆ. ಹಾಗಾದ್ರೆ ಮೂರನೇ ಸುತ್ತಲ್ಲಿ ಇಲ್ಲದ ಶಕ್ತಿ ನಾಲ್ಕನೇದಕ್ಕೆ ಎಲ್ಲಿಂದ ಬಂತು?

ಅಣ್ಣನನ್ನೇ ಕೇಳಿದೆ. "ಮೂರನೇ ಸುತ್ತಲ್ಲಿ ತಲೇಲಿ ಏನು ಓಡ್ತಿರುತ್ತೆ?"

"ಆಗಲ್ಲ ಅನ್ಸುತ್ತೆ ಕಣೋ. ಹೋದ ಸಲದಂಗೆ ಈ ಸಲಾನೂ ಹೋಯ್ತು ಅಂತ."

"ನಾಲ್ಕನೇ ಸುತ್ತಲ್ಲಿ?"

"ಇದೊಂದೇ ಅಲ್ವಾ, ಮುಗೀತು ಅಂತ."

ಈ ಲೇಖನ ಅವೆರಡು ಉತ್ತರಗಳ ನಡುವಿನ ಏಳು ಸೆಕೆಂಡಿನ ಬಗ್ಗೆ.

ನಿಲ್ಲಿಸೋದು ಯಾರು: ಕಾಲೋ, ತಲೆಯೋ?

ನಮ್ಮೊಳಗೆ ನಾವೇ ಆಡಿಕೊಳ್ಳೋ ಮಾತಿಗೆ ನಾಟಕದಲ್ಲಿ ಸ್ವಗತ ಅಂತಾರೆ. ಕ್ರೀಡಾ ಮನೋವಿಜ್ಞಾನದಲ್ಲಿ ಅದರ ಹೆಸರು ಸೆಲ್ಫ್ ಟಾಕ್. "ಪಾಸಿಟಿವ್ ಆಗಿರು, ಎಲ್ಲಾ ಆಗುತ್ತೆ" ಅನ್ನೋ ವಾಟ್ಸಾಪ್ ಸುಭಾಷಿತದ ಥರ ಕೇಳಿಸಬಹುದು. ಆದರೆ ಇದನ್ನು ಲ್ಯಾಬಿನಲ್ಲಿ ಅಳೆದು ನೋಡಿದ್ದಾರೆ.

ಸಾಮುಯೆಲೆ ಮಾರ್ಕೋರಾ, ವಾಲ್ಟರ್ ಸ್ಟಾಯನೋ ಎಂಬ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. ಹತ್ತು ಜನ ರಗ್ಬಿ ಆಟಗಾರರನ್ನು ವ್ಯಾಯಾಮದ ಸೈಕಲ್ ಮೇಲೆ ಕೂರಿಸಿ, ಸುಮಾರು 242 ವ್ಯಾಟ್‌ನಲ್ಲಿ ಆಗೋವರೆಗೆ ತುಳಿಯೋಕೆ ಹೇಳಿದರು. ಹತ್ತು ನಿಮಿಷದ ಆಸುಪಾಸಿನಲ್ಲಿ "ಇನ್ನು ಸಾಧ್ಯವೇ ಇಲ್ಲ" ಅಂತ ನಿಲ್ಲಿಸಿದರು. ತಕ್ಷಣ, ಸುಧಾರಿಸಿಕೊಳ್ಳೋಕೂ ಬಿಡದೆ, "ಐದೇ ಸೆಕೆಂಡ್, ಇದ್ದಬದ್ದ ಬಲ ಹಾಕಿ" ಅಂದರು. ಅವರು ಕೊಟ್ಟಿದ್ದು ಸರಾಸರಿ 731 ವ್ಯಾಟ್. 242 ಆಗಲ್ಲ ಅಂದ ಅದೇ ಕಾಲು ಅದರ ಮೂರು ಪಟ್ಟು ಕೊಟ್ಟಿತು!

ಹಾಗಂತ ಆಯಾಸ ಸುಳ್ಳಲ್ಲ. ದಣಿಯೋಕೆ ಮುಂಚೆ ಅದೇ ಆಟಗಾರರು ಇದಕ್ಕಿಂತ ಹೆಚ್ಚು ವ್ಯಾಟ್ ಕೊಟ್ಟಿದ್ದರು. ಸ್ನಾಯು ದಣಿದಿತ್ತು ನಿಜ, ಆದರೆ ಕೈಬಿಡೋಷ್ಟು ದಣಿದಿರಲಿಲ್ಲ. ಮಾರ್ಕೋರಾ ವಾದ ಇಷ್ಟು: ನಾವು ನಿಲ್ಲಿಸೋದು ಕಾಲು ಖಾಲಿಯಾದಾಗ ಅಲ್ಲ, "ಇಷ್ಟು ಕಷ್ಟ ಸಾಕು" ಅನ್ನಿಸಿದಾಗ. ಇದನ್ನು ಒಪ್ಪದ ವಿಜ್ಞಾನಿಗಳೂ ಇದ್ದಾರೆ, ಸ್ನಾಯುವಿನ ಪಾಲು ಇನ್ನೂ ದೊಡ್ಡದು ಅಂತಾರೆ. ಆದರೆ ಕಷ್ಟದ ಅನಿಸಿಕೆಗೆ ದೊಡ್ಡ ಪಾತ್ರ ಇದೆ ಅನ್ನೋದರಲ್ಲಿ ಜಗಳ ಕಡಿಮೆ.

ಆ ಅನಿಸಿಕೆಯನ್ನು ಅಳೆಯೋಕೂ ಒಂದು ಮಾಪಕ ಇದೆ. ಸ್ವೀಡನ್ನಿನ ಗುನ್ನರ್ ಬೋರ್ಗ್ ರೂಪಿಸಿದ್ದು, 6ರಿಂದ 20ರವರೆಗೆ. ಸುಮ್ಮನೆ ಕೂತಿದ್ದರೆ 6, ಇನ್ನು ಸಾಧ್ಯವಿಲ್ಲ ಅಂದ್ರೆ 20. ಹತ್ತರಿಂದ ಗುಣಿಸಿದರೆ ಹೃದಯ ಬಡಿತದ ಅಂದಾಜು ಸಿಗಲಿ ಅಂತ ಈ ವಿಚಿತ್ರ ಅಂಕೆಗಳು. ಕಂಟ್ರೋಲ್ ಸಿಸ್ಟಮ್ಸ್ ಭಾಷೇಲಿ ಹೇಳೋದಾದ್ರೆ, ಈ ಅನಿಸಿಕೆ ಒಂದು ಫೀಡ್‌ಬ್ಯಾಕ್ ಸಿಗ್ನಲ್. ಅದನ್ನು ನೋಡಿ ತಲೆ ಓಟದ ವೇಗ ಏರಿಸುತ್ತೆ, ಇಳಿಸುತ್ತೆ. ಒಳಗಿನ ಮಾತು ಮೋಟರಿನ ಪವರ್ ಹೆಚ್ಚಿಸಲ್ಲ. ಸಿಗ್ನಲ್ ಓದೋ ರೀತಿ ಬದಲಿಸುತ್ತೆ, ಅಷ್ಟೇ.

ಅಷ್ಟರಿಂದ ಎಷ್ಟು ವ್ಯತ್ಯಾಸ? ಬ್ಲಾಂಚ್‌ಫೀಲ್ಡ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 24 ಜನರಿದ್ದರು. ಅರ್ಧ ಜನ ತಮಗೆ ಹಿಡಿಸಿದ ಮಾತುಗಳನ್ನು ತಾವೇ ಆರಿಸಿಕೊಂಡು ಎರಡು ವಾರ ವ್ಯಾಯಾಮದ ಹೊತ್ತಲ್ಲಿ ರೂಢಿ ಮಾಡಿಕೊಂಡರು. ಅವರು ಸೈಕಲ್ ತುಳಿದು ಸೋಲೋವರೆಗಿನ ಸಮಯ ಸರಾಸರಿ 637 ಸೆಕೆಂಡಿನಿಂದ 751ಕ್ಕೆ ಹೋಯಿತು, ಸುಮಾರು 18 ಶೇಕಡಾ ಜಾಸ್ತಿ. ಅರ್ಧ ದಾರಿಯಲ್ಲಿ ಅವರು ಹೇಳಿದ ಬೋರ್ಗ್ ಅಂಕ ಮೊದಲಿಗಿಂತ ಕಡಿಮೆ ಇತ್ತು. ಇನ್ನರ್ಧ ಜನರಲ್ಲಿ ಹೇಳಿಕೊಳ್ಳೋಂಥ ಬದಲಾವಣೆ ಇಲ್ಲ.

ಉಸ್ತಾದ್ ಒಳಗೆ ಬಂದು ಕೂರೋದು

ಇದೇನು ಹೊರಗಿನ ವಿದ್ಯೆ ಅಲ್ಲ. ತೇರು ಎಳೆಯುವಾಗ, ಕಲ್ಲು ಎತ್ತುವಾಗ ಕೂಗು ಹಾಕದೆ ಯಾರೂ ಕೈ ಹಚ್ಚಲ್ಲ. ದಾವಣಗೆರೆ ಕಡೆ ಗರಡಿ ಮನೆ ನೋಡಿದವರಿಗೆ ಇನ್ನೂ ಚೆನ್ನಾಗಿ ಗೊತ್ತಿರುತ್ತೆ. ಬಸ್ಕಿ ಹೊಡೆಯೋ ಹುಡುಗ ಎಣಿಕೆ ತಪ್ಪಿಸೋ ಹಾಗಿಲ್ಲ. ಅವನು ಸೋಲೋ ಹೊತ್ತಿಗೆ ಸರಿಯಾಗಿ ಉಸ್ತಾದರ ಬಾಯಿಂದ "ಇನ್ನೈದು, ಬೆನ್ನು ನೇರ" ಅಂತ ಬರುತ್ತೆ. ನಾಲ್ಕಾರು ವರ್ಷ ಆದಮೇಲೆ ಉಸ್ತಾದ್ ಇಲ್ಲದಿದ್ದರೂ ಆ ದನಿ ಕೇಳಿಸ್ತಾ ಇರುತ್ತೆ.

ರಷ್ಯಾದ ಮನೋವಿಜ್ಞಾನಿ ವೈಗಾಟ್ಸ್ಕಿ ಮಕ್ಕಳ ಬಗ್ಗೆ ಹೇಳಿದ್ದೂ ಇದನ್ನೇ ಹೋಲುತ್ತೆ. ಮೊದಲು ದೊಡ್ಡವರು ಹೇಳ್ತಾರೆ, ಆಮೇಲೆ ಮಗು ತನಗೆ ತಾನೇ ಜೋರಾಗಿ ಹೇಳಿಕೊಳ್ಳುತ್ತೆ, ಕೊನೆಗೆ ಮಾತು ಒಳಗೆ ಇಳಿಯುತ್ತೆ. ಹೊರಗಿಂದ ಬಂದ ಮಾತು ಒಳಗೆ ಉಳಿಯೋದಾದ್ರೆ, ಯಾವ ಮಾತು ಉಳಿಯಬೇಕು ಅಂತ ಆರಿಸೋದು ನಮ್ಮ ಕೈಲಿದೆ.

ಎಂಥ ಮಾತು?

ಒಂದು, ಕೆಲಸಕ್ಕೆ ತಕ್ಕ ಮಾತು. ಗ್ರೀಸಿನ ಹಾಟ್ಜಿಜಾರ್ಜಿಯಾಡಿಸ್ ತಂಡ 2011ರಲ್ಲಿ 32 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸೆಲ್ಫ್ ಟಾಕ್‌ನಿಂದ ಮಧ್ಯಮ ಮಟ್ಟದ ಲಾಭ ಕಂಡಿತು. ಗುರಿ, ನಯ ಬೇಕಾದ ಕೆಲಸಕ್ಕೆ "ಮೊಣಕೈ ಒಳಗೆ" ಥರದ ಸೂಚನೆ ಹೆಚ್ಚು ಉಪಯೋಗ. ಓಟದಂಥ ದಮ್ಮಿನ ಕೆಲಸಕ್ಕೆ ಹುರಿದುಂಬಿಸೋ ಮಾತೂ ನಡೆಯುತ್ತೆ. ಜಿಮ್ಮಲ್ಲಿ ಸ್ಕ್ವಾಟ್ ಹೊಡೆಯುವಾಗ "ನೀನು ಹುಲಿ" ಅನ್ನೋದಕ್ಕಿಂತ "ಎದೆ ಮೇಲೆ, ಹಿಮ್ಮಡಿ ಒತ್ತು" ಅನ್ನೋದು ಸೊಂಟಕ್ಕೂ ಒಳ್ಳೇದು.

ಎರಡು, "ನಾನು" ಬದಲು "ನೀನು". ಬ್ರಿಟನ್ನಿನಲ್ಲಿ 16 ಜನರನ್ನು 10 ಕಿಲೋಮೀಟರ್ ಸೈಕಲ್ ತುಳಿಸಿದ 2019ರ ಅಧ್ಯಯನದಲ್ಲಿ, "ನಾನು ಮಾಡಬಲ್ಲೆ" ಅಂದುಕೊಂಡಾಗಿಗಿಂತ "ನೀನು ಮಾಡಬಲ್ಲೆ" ಅಂದುಕೊಂಡಾಗ ಸುಮಾರು ಎರಡು ಶೇಕಡಾ ಬೇಗ ಮುಗಿಸಿದರು. ಕಷ್ಟ ಮಾತ್ರ ಎರಡರಲ್ಲೂ ಅಷ್ಟೇ ಅನ್ನಿಸಿತ್ತು. ಸಣ್ಣ ಅಧ್ಯಯನ, ಇದನ್ನೇ ನಂಬಿ ಕೂರೋದು ಬೇಡ. ಆದರೆ ಕನ್ನಡದವರಿಗೆ ಇದು ಹೊಸದಲ್ಲ. ದಾಸರು ತಮ್ಮ ಮನಸ್ಸನ್ನೇ "ಮನವೆ" ಅಂತ ಎದುರಿಗೆ ಕೂರಿಸಿಕೊಂಡು ಬುದ್ಧಿ ಹೇಳಿದವರು. ಡಿ.ವಿ.ಜಿ. ಪದ್ಯದ ಕೊನೆಗೆ "ಮಂಕುತಿಮ್ಮ" ಅಂತ ಹೆಸರು ಹಿಡಿದು ಕರೆದವರು. ತನ್ನಿಂದ ಒಂದು ಹೆಜ್ಜೆ ಆಚೆ ನಿಂತು ಗೆಳೆಯನ ಥರ ಮಾತಾಡಿದಾಗ ಗಾಬರಿ ಕಡಿಮೆ ಆಗುತ್ತೆ.

ಮೂರು, ನಿಜವಾದ ಮಾತು. ಇದು ಎಲ್ಲಕ್ಕಿಂತ ಮುಖ್ಯ. ಜೋಆನ್ ವುಡ್ ಮತ್ತು ಜೊತೆಗಾರರು 2009ರಲ್ಲಿ ತೋರಿಸಿದ್ದು: ತಮ್ಮ ಬಗ್ಗೆ ಕೀಳರಿಮೆ ಇದ್ದವರ ಬಾಯಲ್ಲಿ "ನಾನು ಪ್ರೀತಿಗೆ ಅರ್ಹ" ಅಂತ ಮತ್ತೆ ಮತ್ತೆ ಹೇಳಿಸಿದಾಗ ಅವರ ಮನಸ್ಸು ಇನ್ನೂ ಕುಗ್ಗಿತು. ಒಳಗಿರೋನು ದಡ್ಡನಲ್ಲ, ಸುಳ್ಳು ಹೇಳಿದರೆ ತಿರುಗಿ ಬೀಳ್ತಾನೆ. ಅದಕ್ಕೆ "ನಾನು ಉಸೇನ್ ಬೋಲ್ಟ್" ಬೇಡ. "ನಿನ್ನೆ ಇಲ್ಲೀವರೆಗೆ ಬಂದಿದ್ದೆ, ಇವತ್ತೂ ಬಂದಿದೀಯ" ಸಾಕು. ಅದನ್ನು ಯಾರೂ ಅಲ್ಲಗಳೆಯೋಕೆ ಆಗಲ್ಲ.

ನಾಲ್ಕು, ಚಿಕ್ಕ ಮಾತು. ಆ ವೇಗದಲ್ಲಿ ಉದ್ದ ವಾಕ್ಯ ನೆನಪಿಗೂ ಬರಲ್ಲ. ಎರಡು ಮೂರು ಪದ, ಹೆಜ್ಜೆಗೆ ಕೂರೋ ಹಾಗಿರಲಿ.

ಮಾತು ಕೇಳದ ಜಾಗಗಳು

ಸುಮಾರು 96 ಕಿಲೋಮೀಟರಿನ ಒಂದು ಓಟದಲ್ಲಿ ಇದೇ ಉಪಾಯ ಪ್ರಯೋಗಿಸಿದಾಗ ಸಮಯದಲ್ಲಿ ಲಾಭ ಕಾಣಲಿಲ್ಲ ಅಂತ 2018ರಲ್ಲಿ ಮಾರ್ಕೋರಾ ಇದ್ದ ತಂಡವೇ ಬರೆದಿದೆ. ಎಲ್ಲಾ ಕಡೆ ಇದು ಕೆಲಸ ಮಾಡುತ್ತೆ ಅನ್ನೋ ಹಾಗಿಲ್ಲ.

ಇನ್ನೊಂದು ಎಚ್ಚರಿಕೆ. ಕಷ್ಟ ಬೇರೆ, ನೋವು ಬೇರೆ. ಉಸಿರು ಉರಿಯೋದು, ತೊಡೆ ಭಾರ ಆಗೋದು ಕಷ್ಟ. ಅದರ ಜೊತೆ ಮಾತಾಡಬಹುದು. ಎದೆ ಹಿಡಿದಂತಾಗೋದು, ತಲೆ ಸುತ್ತೋದು, ಕೀಲಿನಲ್ಲಿ ಚುಚ್ಚೋ ನೋವು, ಬಿಸಿಲಲ್ಲಿ ಬೆವರು ನಿಂತು ಚಳಿ ಬರೋದು ಇವೆಲ್ಲ ದೇಹ ಹೇಳೋ ಮಾತು. ಆಗ ನೀವು ಬಾಯಿ ಮುಚ್ಚಿ ಕೇಳಬೇಕು, ನಿಲ್ಲಬೇಕು. ನಮ್ಮ ಕಡೆ ಏಪ್ರಿಲ್ ಬಿಸಿಲಲ್ಲಿ "ಇನ್ನೊಂದು ಸುತ್ತು" ಅಂತ ಮನಸ್ಸನ್ನು ಒಪ್ಪಿಸಬಹುದು, ಮೈಯ ತಾಪ ಒಪ್ಪಲ್ಲ.

ಮತ್ತೆ ಮೈದಾನಕ್ಕೆ

ಅಣ್ಣ, ನಾನು ಕೂತು ಒಂದು ಹಾಳೇಲಿ ಎರಡು ಸಾಲು ಮಾಡಿದ್ವಿ. ಎಡಗಡೆ ಅವನ ತಲೇಲಿ ಬರೋ ಮಾತು, ಬಲಗಡೆ ಅದರ ಬದಲಿಗೆ ಏನು. "ಆಗಲ್ಲ" ಎದುರಿಗೆ "ಕಷ್ಟ ಐತಿ, ಆಗ್ತೈತಿ" ಅಂತ ಅವನೇ ಬರೆದ. "ಹೋದ ಸಲದಂಗೆ" ಎದುರಿಗೆ ಬಹಳ ಹೊತ್ತು ಪೆನ್ನು ಹಿಡಕೊಂಡು ಕೂತ. ಕೊನೆಗೆ "ಈ ಸುತ್ತು ನೋಡ್ಲೇ" ಅಂತ ಬರೆದ. ಎರಡೂ ಅವನ ಮಾತೇ, ನಾನು ಕೊಟ್ಟಿದ್ದಲ್ಲ. ಓಟ ಶುರುವಾದಾಗಲ್ಲ, ಮೂರನೇ ಸುತ್ತಿನ ಮೊದಲ ತಿರುವಿಂದ ಹೇಳಿಕೊಳ್ಳಬೇಕು ಅಂತ ಜಾಗಾನೂ ಗುರುತು ಮಾಡಿದ್ವಿ. ಪರೀಕ್ಷೆ ದಿನ ಹೊಸದಾಗಿ ಹೇಳಿದರೆ ಬರಲ್ಲ, ದಿನಾ ಅಭ್ಯಾಸದಲ್ಲೇ ಹೇಳಬೇಕು.

ರಜೆ ಮುಗಿಸಿ ನಾನು ಕಾಲೇಜಿಗೆ ಬಂದೆ. ಅವನು ಸುತ್ತಿನ ಲೆಕ್ಕ ವಾಟ್ಸಾಪಲ್ಲಿ ಕಳಿಸ್ತಾ ಇದ್ದ. ಆರನೇ ವಾರದಲ್ಲಿ ಒಂದು ಬೆಳಿಗ್ಗೆ ಬಂತು: 95, 97, 100, 96. ಒಟ್ಟು 388. ಆರು ನಿಮಿಷ 28 ಸೆಕೆಂಡ್! ಮಾರನೇ ದಿನ ಮತ್ತೆ 393.

ಇದೆಲ್ಲ ಮಾತಿನ ಮಹಿಮೆ ಅಂತ ಹೇಳಿದರೆ ನಾನೇ ಸುಳ್ಳು ಹೇಳಿದಂಗೆ. ಮೊದಲ ಸುತ್ತಲ್ಲಿ ಹುಚ್ಚು ಓಟ ಬಿಟ್ಟಿದ್ದು, ವಾರಕ್ಕೆರಡು ದಿನ 400 ಮೀಟರಿನ ತುಂಡು ತುಂಡು ಓಟ, ಆರು ವಾರದ ಬೆವರು ಎಲ್ಲಾ ಅದರಲ್ಲಿದೆ. ಒಬ್ಬನ ಲೆಕ್ಕ ಪ್ರಯೋಗವೂ ಅಲ್ಲ. ಆದರೆ 113 ಇದ್ದ ಮೂರನೇ ಸುತ್ತು 100ಕ್ಕೆ ಬಂದಿದೆ.

ಪರೀಕ್ಷೆ ಇನ್ನೂ ಬಂದಿಲ್ಲ. 393 ಬಂದ ದಿನ ಫೋನ್ ಮಾಡಿ ಏನು ಹೇಳಬೇಕು ಅಂತ ಗೊತ್ತಾಗದೆ ಸುಮ್ಮನಿದ್ದೆ. ಅವನೇ ಅಂದ, "ಮೂರು ಸೆಕೆಂಡ್ ಅಲ್ವೇನೋ ತಮ್ಮಾ, ಹತ್ತೊಂಬತ್ತು ಇತ್ತು."

ಲೆಕ್ಕ ಸರಿ ಇತ್ತು. ಮಾತೂ ನಿಜ ಇತ್ತು.