ನಿಮಗಿದು ಗೊತ್ತೆ? ದೃಶ್ಯ ಒಂದೇ, ಅರ್ಥ ಎರಡು!

‘ಸ್ಟಾರ್ ಟ್ರೆಕ್’ ಧಾರಾವಾಹಿಯ ಮೊಟ್ಟಮೊದಲ ಪೈಲಟ್ (ಪ್ರಾಯೋಗಿಕ ಕಂತು) ‘ದಿ ಕೇಜ್’ ಅನ್ನು ಎನ್‌ಬಿಸಿ ವಾಹಿನಿ ತಿರಸ್ಕರಿಸಿತ್ತು! 1966ರಲ್ಲಿ ಅದರ ದೃಶ್ಯಗಳಿಗೇ ಹೊಸ ಕಥೆ ಹೆಣೆದು ‘ದಿ ಮೆನಾಜರಿ’ ಎಂಬ ಎರಡು ಕಂತು ಮಾಡಿದರು.

ಸಂಕಲನದ ಜಾಣ್ಮೆ ಕಾಣುವುದು ಕೊನೆಯಲ್ಲಿ. ಮೂಲದಲ್ಲಿ ವೀನಾ ಎಂಬಾಕೆಯ ಜತೆ ನಡೆದುಹೋಗುವ, ಬಾಹ್ಯಾಕಾಶ ನೌಕೆಯ ಕ್ಯಾಪ್ಟನ್ ಪೈಕ್ ಬರೀ ಭ್ರಮೆ. ನಿಜವಾದ ಪೈಕ್ ನೌಕೆಗೆ ಮರಳುತ್ತಾನೆ. ಹೊಸ ಕಥೆಯಲ್ಲಿ ಪೈಕ್ ಗಾಲಿಕುರ್ಚಿಗೆ ಸೀಮಿತ, ಮಾತೂ ಇಲ್ಲ: ಕುರ್ಚಿಯ ದೀಪ ಒಮ್ಮೆ ಮಿನುಗಿದರೆ ಹೌದು, ಎರಡು ಸಲವಾದರೆ ಇಲ್ಲ. ಅದೇ ಹಳೆಯ ತುಣುಕು ಇಲ್ಲಿ, ಆತ ವೀನಾ ಬಳಿಯೇ ನೆಲೆನಿಂತ ದೃಶ್ಯವಾಗುತ್ತದೆ. ಸಂಕಲನ ಕಲಿಯುವವರು ಎರಡನ್ನೂ ನೋಡಲೇಬೇಕು. ಮೂಲ ಪೈಲಟ್ ಪೂರ್ತಿಯಾಗಿ ಟಿವಿಯಲ್ಲಿ ಬಂದದ್ದು 1988ರಲ್ಲಿ.