ಜಲಜನಕದ ಮೊದಲ ಪಾಲು ಕಬ್ಬಿಣಕ್ಕಿರಲಿ

ಕುದುರೆಮುಖದ ಬೆಟ್ಟಗಳಿಂದ ಅದಿರಿನ ಪುಡಿಯನ್ನು ನೀರಲ್ಲಿ ಕಲಸಿ, ಸುಮಾರು 67 ಕಿ.ಮೀ. ಉದ್ದದ ಕೊಳವೆಯಲ್ಲಿ ಕರಾವಳಿಯ ಪಣಂಬೂರಿಗೆ ಹರಿಸುತ್ತಿದ್ದರು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಆ ಗಣಿ ನಿಂತಿತು. ಕಾಡು ಉಳಿಯಲೆಂದು ಗಣಿಯನ್ನು ಬಿಟ್ಟುಕೊಟ್ಟದ್ದು ಸರಿಯೇ. ಆದರೆ ಕಬ್ಬಿಣವಿಲ್ಲದೆ ಮನೆ, ಸೇತುವೆ, ರೈಲು ಯಾವುದೂ ಇಲ್ಲ. ಹಾಗಾಗಿ ಅದನ್ನು ತಯಾರಿಸುವ ಬಗೆಯನ್ನಾದರೂ ಬದಲಿಸಬೇಕು. ಬಿಸಿಲು, ಗಾಳಿಯ ವಿದ್ಯುತ್ತಿನಿಂದ ನೀರನ್ನು ಒಡೆದು ಪಡೆಯುವ ನಮ್ಮ ಹಸಿರು ಜಲಜನಕದ ಮೊದಲ ಪಾಲು ಕಬ್ಬಿಣದ ಕುಲುಮೆಗೇ ಸಲ್ಲಬೇಕು ಎನ್ನುವುದು ಈ ಕಾರಣಕ್ಕೆ.

ಕಬ್ಬಿಣದ ಅದಿರಿನಲ್ಲಿ ಲೋಹಕ್ಕೆ ಆಮ್ಲಜನಕ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಊದುಕುಲುಮೆಯಲ್ಲಿ ಕಲ್ಲಿದ್ದಲಿನ ಕೋಕ್ ಅದನ್ನು ಕಸಿದುಕೊಳ್ಳುತ್ತದೆ. ಈ ದಾರಿಯಲ್ಲಿ ಒಂದು ಟನ್ ಉಕ್ಕಿಗೆ ಸುಮಾರು ಎರಡು ಟನ್ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಜಲಜನಕವೂ ಆಮ್ಲಜನಕವನ್ನು ಕಸಿಯಬಲ್ಲದು, ಆಗ ಹೊರಬರುವುದು ಬರೀ ನೀರಾವಿ. ನೆಲ್ಲಿಕಾಯಿಯಂಥ ಅದಿರಿನ ಉಂಡೆಗಳು ಎತ್ತರದ ಕುಲುಮೆಯ ಮೇಲಿಂದ ನಿಧಾನವಾಗಿ ಇಳಿಯುತ್ತವೆ, ಕೆಳಗಿನಿಂದ ಕಾದ ಅನಿಲ ಏರುತ್ತದೆ. ಉಂಡೆ ಕರಗದೆಯೇ ಆಮ್ಲಜನಕವನ್ನು ಬಿಟ್ಟುಕೊಟ್ಟು, ಮೈತುಂಬ ಸಣ್ಣ ತೂತುಗಳಿರುವ ಸ್ಪಾಂಜ್ ಕಬ್ಬಿಣವಾಗುತ್ತದೆ. ಜಲಜನಕಕ್ಕೆ ಈ ಕೆಲಸ ಹೊಸದಲ್ಲ. ಬಲ್ಬಿನ ತಂತಿಯ ಟಂಗ್‌ಸ್ಟನ್ ತಯಾರಾಗುವುದು ಹೀಗೆಯೇ. ಆದರೆ ಆಮ್ಲಜನಕವನ್ನು ಇನ್ನೂ ಗಟ್ಟಿಯಾಗಿ ಹಿಡಿದಿರುವ ಅಲ್ಯೂಮಿನಿಯಂ, ಮೆಗ್ನೀಸಿಯಂಗಳ ಮುಂದೆ ಅದರ ಆಟ ನಡೆಯದು.

ಬಳ್ಳಾರಿ ಸೀಮೆಯ ತೋರಣಗಲ್ಲಿನಲ್ಲಿ ಉಕ್ಕು ತಯಾರಿಸುವ ಜೆಎಸ್‌ಡಬ್ಲ್ಯು ಸಮೂಹ 2025ರಲ್ಲಿ ವರ್ಷಕ್ಕೆ 3,800 ಟನ್ ಹಸಿರು ಜಲಜನಕ ತಯಾರಿಸುವ ಘಟಕ ಆರಂಭಿಸಿ, ಅದನ್ನು ಸ್ಪಾಂಜ್ ಕಬ್ಬಿಣಕ್ಕೆ ಬಳಸಲು ಹೊರಟಿದೆ. ಇದು ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎಂದು ಯಾರಾದರೂ ಹೇಳಬಹುದು. ಲೆಕ್ಕವೂ ಹಾಗೇ ಇದೆ: ಒಂದು ಟನ್ ಕಬ್ಬಿಣಕ್ಕೆ ಕನಿಷ್ಠ 54 ಕಿಲೋ ಜಲಜನಕ ಬೇಕು, ಅಂದರೆ ಇಷ್ಟರಿಂದ ಹೆಚ್ಚೆಂದರೆ 70,000 ಟನ್. ಅಲ್ಲಿನ ಕಾರ್ಖಾನೆಯ ಸಾಮರ್ಥ್ಯವೋ ಕೋಟಿ ಟನ್ ಮೀರಿದ್ದು. ಕೊರತೆಯಿರುವ ವಸ್ತುವನ್ನು ಎಲ್ಲೆಡೆ ಚಿಮುಕಿಸದೆ ಒಂದೆಡೆ ಬಳಸಬೇಕೆಂಬುದನ್ನೇ ಈ ಲೆಕ್ಕ ಹೇಳುತ್ತದೆ. ಒಂದು ಕಿಲೋ ಜಲಜನಕಕ್ಕೆ ಸುಮಾರು 50 ಯೂನಿಟ್ ವಿದ್ಯುತ್ ಬೇಕೆಂಬ ಆಕ್ಷೇಪವೂ ನಿಜ. ಆ ವಿದ್ಯುತ್ ಕಲ್ಲಿದ್ದಲಿನಿಂದ ಬಂದರೆ ಶ್ರಮವೆಲ್ಲ ವ್ಯರ್ಥ. ಆದರೆ ಬಯಲುಸೀಮೆಯಲ್ಲಿ ಬಿಸಿಲು, ಗಾಳಿ ಎರಡೂ ಇವೆ. ನೀರಿನ ಚಿಂತೆಗೆ ಉತ್ತರ ಕುಲುಮೆಯಲ್ಲೇ ಇದೆ: ಹೊರಬರುವ ಆವಿಯನ್ನು ತಣಿಸಿದರೆ ಹೆಚ್ಚಿನ ಪಾಲು ಮರಳಿ ಸಿಗುತ್ತದೆ.

ಜಲಜನಕ ಉಕ್ಕಿನೊಳಗೇ ನುಸುಳಿ ಅದನ್ನು ಪೆಡಸು ಮಾಡಿ ಬಿರುಕು ತರಬಲ್ಲದು ಎಂಬ ಭಯವೂ ಸುಳ್ಳಲ್ಲ. ದೂರದ ಸಾಗಾಟಕ್ಕೆ ಇದೂ ಒಂದು ತೊಡಕು. ಹಾಗಾಗಿ ಕುಲುಮೆಯ ಮಗ್ಗುಲಲ್ಲೇ ತಯಾರಿಸಿ, ಅಲ್ಲೇ ಬಳಸುವುದು ಲೇಸು. ಕಾರಿಗೆ ಜಲಜನಕ ಬೇಕಿಲ್ಲ, ಬ್ಯಾಟರಿ ಸಾಕು. ಅದಿರಿಗೆ ಇಂಗಾಲ ಬಿಟ್ಟರೆ ಇಷ್ಟು ಪಳಗಿದ ಬೇರೆ ದಾರಿಯಿಲ್ಲ. ಸರ್ಕಾರದ ಸಹಾಯಧನವೂ ಇದೇ ಸರದಿಯಲ್ಲಿ ಹಂಚಿಕೆಯಾಗಲಿ.